ಚುಕ್ಕಿಯಿಂದ ಶುರುವಾಗುವ ಫೈಲ್‌ಗಳು, ಬಾಣದ ಗುರುತಿನ ಲಿಂಕ್‌ಗಳು: ‘ಎಲ್‌ಎಸ್’ ತೋರಿಸದೆ ಬಿಡುವುದನ್ನು ನೋಡುವ ಬಗೆ

ಪ್ರಶ್ನೆ: ಕಾಲೇಜೊಂದರ ವಿಭಾಗದಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದು ಎರಡು ತಿಂಗಳಾಯಿತು. ನಿವೃತ್ತರಾದ ಪ್ರಾಧ್ಯಾಪಕರೊಬ್ಬರ ಹೋಮ್ ಡೈರೆಕ್ಟರಿಯನ್ನು ಹೊಸ ಯಂತ್ರಕ್ಕೆ ಸಾಗಿಸಬೇಕಾಗಿದೆ. ಅಲ್ಲಿ ಫೈಲ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕಮಾಂಡ್ ಕೊಟ್ಟರೆ 14 ಹೆಸರುಗಳು ಕಾಣುತ್ತವೆ, ಅವುಗಳ ಗಾತ್ರ ಕೂಡಿಸಿದರೆ 3 ಜಿಬಿ ಕೂಡ ದಾಟುವುದಿಲ್ಲ. ಆದರೆ ಇಡೀ ಡೈರೆಕ್ಟರಿಯ ಲೆಕ್ಕ ಕೇಳಿದರೆ 41 ಜಿಬಿ ಎನ್ನುತ್ತದೆ. ‘ಸ್ಕ್ಯಾನ್’ ಎಂಬ ಡೈರೆಕ್ಟರಿಯೊಳಗೆ ನೂರಾರು ಚಿತ್ರಗಳಿವೆ, ಆದರೂ ಅದರ ಗಾತ್ರ 0 ಎಂದು ಬರುತ್ತದೆ. ‘ಫಲಿತಾಂಶ’ ಎಂಬ ಹೆಸರು ಕೆಂಪು ಬಣ್ಣದಲ್ಲಿದೆ, ತೆರೆಯಲು ಹೋದರೆ ಅಂಥ ಫೈಲ್ ಇಲ್ಲವೆಂದು ಹೇಳುತ್ತದೆ. ‘.#ವರದಿ’ ಎಂಬ ವಿಚಿತ್ರ ಹೆಸರೂ ಒಂದಿದೆ. ಚುಕ್ಕಿಯಿಂದ ಶುರುವಾಗುವುದೆಲ್ಲ ಸಿಸ್ಟಂ ಫೈಲ್, ಮುಟ್ಟಬಾರದು ಎಂದು ಒಬ್ಬ ಸಹೋದ್ಯೋಗಿ ಹೇಳುತ್ತಾರೆ; ಲಿಂಕ್ ಅಳಿಸಿದರೆ ಮೂಲವೂ ಹೋಗುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಅಡಗಿದ ಫೈಲ್‌ಗಳನ್ನೂ ಬೇರೆ ಫೈಲಿನತ್ತ ಬೆರಳು ತೋರಿಸುವ ಸಿಂಬಾಲಿಕ್ ಲಿಂಕ್‌ಗಳನ್ನೂ ಪೂರ್ತಿಯಾಗಿ ಪಟ್ಟಿ ಮಾಡುವುದು ಹೇಗೆ? ಅವುಗಳಲ್ಲಿ ಯಾವುದನ್ನು ಅಳಿಸಬಹುದು?

ಉತ್ತರ: ಸಾಗಿಸುವ ಮುನ್ನ ಪಟ್ಟಿ ಮಾಡಲು ಹೊರಟಿದ್ದೀರಿ, ಅರ್ಧ ಅನಾಹುತ ಅಲ್ಲಿಗೇ ತಪ್ಪಿತು. ನಿಮ್ಮ ಆತಂಕ ಎರಡು ಬಗೆಯದು: ಕಣ್ಣಿಗೆ ಬೀಳದ ಯಾವುದೋ ಫೈಲ್ ಹಳೆಯ ಯಂತ್ರದಲ್ಲೇ ಉಳಿದುಹೋದೀತೆಂಬುದು ಒಂದು, ಬೇಡವೆಂದು ಅಳಿಸಿದ್ದರ ಜೊತೆಗೆ ಬೇಕಾದದ್ದೂ ಹೋದೀತೆಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಹುಡುಕುವ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ‘ಅಡಗಿದ್ದು’ ಮತ್ತು ‘ಲಿಂಕ್’ ಎರಡೂ ಒಂದೇ ಜಾತಿಯ ಗುಣಗಳಲ್ಲ. ಅಡಗಿರುವುದು ಹೆಸರಿಗೆ ಸಂಬಂಧಿಸಿದ ರೂಢಿ ಮಾತ್ರ. ಲಿಂಕ್ ಆಗಿರುವುದು ಫೈಲಿನ ಬಗೆ, ಅದು ಡಿಸ್ಕಿನ ಮೇಲೆಯೇ ದಾಖಲಾಗಿರುತ್ತದೆ. ಆದ್ದರಿಂದ ಮೊದಲನೆಯದನ್ನು ಹೆಸರಿನಿಂದ ಹುಡುಕಬೇಕು, ಎರಡನೆಯದನ್ನು ಬಗೆಯಿಂದ ಹುಡುಕಬೇಕು. ಒಂದೇ ಫೈಲ್ ಎರಡೂ ಆಗಿರಬಹುದು, ನಿಮ್ಮ ‘.#ವರದಿ’ ಬಹುಮಟ್ಟಿಗೆ ಅಂಥದ್ದೇ, ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಮಾಂಡ್‌ಗಳನ್ನು ಇಲ್ಲಿ ಫೋನಿನಲ್ಲಿ ಓದಿ ಹೇಳುವ ರೀತಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಚಿಕ್ಕಕ್ಷರಗಳು. ‘ದೊಡ್ಡ’ ಎಂದು ಹೇಳಿದ ಕಡೆ ಮಾತ್ರ ದೊಡ್ಡಕ್ಷರ. ಲಿನಕ್ಸ್ ಮಾದರಿಯಾಗಿಟ್ಟುಕೊಂಡ ಯುನಿಕ್ಸ್‌ನಲ್ಲಿ ಚಿಕ್ಕ ಎಲ್ ಮಾಡುವ ಕೆಲಸಕ್ಕೂ ದೊಡ್ಡ ಎಲ್ ಮಾಡುವ ಕೆಲಸಕ್ಕೂ ಅಜಗಜಾಂತರ ಇರುವುದರಿಂದ ಈ ವ್ಯತ್ಯಾಸವನ್ನು ಹಗುರವಾಗಿ ಕಾಣಬೇಡಿ.

ಮೊದಲು ಚುಕ್ಕಿಯ ವಿಚಾರ. ಚುಕ್ಕಿಯಿಂದ ಶುರುವಾಗುವ ಹೆಸರಿಗೆ ಯುನಿಕ್ಸ್‌ನ ತಿರುಳಾದ ಕರ್ನಲ್ ಯಾವ ವಿಶೇಷ ಮರ್ಯಾದೆಯನ್ನೂ ಕೊಡುವುದಿಲ್ಲ. ವಿಂಡೋಸ್‌ನಲ್ಲಿರುವಂತೆ ‘ಹಿಡನ್’ ಎಂಬ ಗುರುತು ಲಿನಕ್ಸ್ ಫೈಲಿಗೆ ಅಂಟಿಕೊಂಡಿರುವುದಿಲ್ಲ. ಈ ರೂಢಿ ಹುಟ್ಟಿದ ಬಗೆಯನ್ನು, ಯುನಿಕ್ಸ್ ರೂಪುಗೊಂಡ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ವಿವರಿಸಿದ್ದಾರೆ. ಪ್ರತಿಯೊಂದು ಡೈರೆಕ್ಟರಿಯೊಳಗೂ ತನ್ನನ್ನೇ ಸೂಚಿಸುವ ‘.’ ಮತ್ತು ಮೇಲಿನದನ್ನು ಸೂಚಿಸುವ ‘..’ ಎಂಬ ಎರಡು ನಮೂದುಗಳು ಸೇರಿದಾಗ, ‘ಎಲ್‌ಎಸ್’ ಪಟ್ಟಿಯಲ್ಲಿ ಅವು ಪ್ರತಿಸಲವೂ ಕಾಣಿಸಿಕೊಳ್ಳುವುದು ಕಿರಿಕಿರಿಯಾಯಿತು. ಅವೆರಡನ್ನು ಮಾತ್ರ ಬಿಡುವಂತೆ ಬರೆಯುವ ಬದಲು, ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು ಎಂಬ ಸುಲಭದ ಪರೀಕ್ಷೆಯನ್ನು ಪ್ರೋಗ್ರಾಮಿಗೆ ಸೇರಿಸಿದರು. ಆ ಸೋಮಾರಿತನದ ಫಲವಾಗಿ ಚುಕ್ಕಿಯಿಂದ ಶುರುವಾಗುವ ಎಲ್ಲ ಹೆಸರುಗಳೂ ಮರೆಯಾದವು, ಪ್ರೋಗ್ರಾಮ್ ಬರೆಯುವವರು ತಮ್ಮ ಸೆಟ್ಟಿಂಗ್ ಫೈಲ್‌ಗಳನ್ನು ಅಲ್ಲಿ ತುಂಬಿಸುವುದನ್ನು ಕಲಿತರು. ಅಂದರೆ ಚುಕ್ಕಿ ಫೈಲ್‌ಗಳು ಸಿಸ್ಟಂ ಫೈಲ್‌ಗಳಲ್ಲ. ಹೋಮ್ ಡೈರೆಕ್ಟರಿಯಲ್ಲಿರುವವು ಬಹುತೇಕ ಆ ಬಳಕೆದಾರರ ಸ್ವಂತದವು. ‘.ಎಸ್‌ಎಸ್‌ಎಚ್’ ಒಳಗೆ ಅವರ ಲಾಗಿನ್ ಕೀಲಿಗಳಿರುತ್ತವೆ, ‘.ಕಾನ್ಫಿಗ್’ ಒಳಗೆ ಅವರ ಆಯ್ಕೆಗಳಿರುತ್ತವೆ, ‘.ಗಿಟ್’ ಎಂಬುದು ಕಂಡರೆ ಒಂದು ಪ್ರಾಜೆಕ್ಟಿನ ಇಡೀ ಇತಿಹಾಸವೇ ಅದರೊಳಗಿರುತ್ತದೆ. ಅಡಗಿರುವುದರಿಂದ ಅವುಗಳಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ. ರಕ್ಷಣೆ ಕೊಡುವುದು ಪರ್ಮಿಷನ್ ಮಾತ್ರ; ‘.ಎಸ್‌ಎಸ್‌ಎಚ್’ ಡೈರೆಕ್ಟರಿಗೆ 700, ಒಳಗಿನ ಖಾಸಗಿ ಕೀಲಿಗೆ 600 (ಎರಡರ ಅರ್ಥವೂ ಒಡೆಯರ ಹೊರತು ಬೇರೆಯವರಿಗೆ ಪ್ರವೇಶವಿಲ್ಲ ಎಂದು) ಇರಬೇಕೆನ್ನುವುದು ಅದಕ್ಕಾಗಿಯೇ.

ಇವನ್ನು ನೋಡಲು ಎಲ್ಲರೂ ಹೇಳಿಕೊಡುವುದು ‘ಎಲ್‌ಎಸ್ -ಎ’. ನಾನು ಶಿಫಾರಸು ಮಾಡುವುದು ದೊಡ್ಡ ಎ. ಚಿಕ್ಕ ಎ ಕೊಟ್ಟರೆ ‘.’ ಮತ್ತು ‘..’ ಕೂಡ ಪಟ್ಟಿಯಲ್ಲಿ ಬರುತ್ತವೆ, ದೊಡ್ಡ ಎ ಆ ಎರಡನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ತೋರಿಸುತ್ತದೆ. ಇದು ಕೇವಲ ಅಚ್ಚುಕಟ್ಟಿನ ಮಾತಲ್ಲ. ಸರ್ವರಿನೊಳಗೆ ನುಸುಳಿದವರು ತಮ್ಮ ಸಾಮಾನನ್ನು ಮೂರು ಚುಕ್ಕಿಗಳ ಹೆಸರಿನಲ್ಲೋ, ಎರಡು ಚುಕ್ಕಿಗಳ ನಂತರ ಒಂದು ಖಾಲಿ ಜಾಗ ಬಿಟ್ಟ ಹೆಸರಿನಲ್ಲೋ ಇಡುವುದು ಹಳೆಯ ಚಾಳಿ, ನಿಜವಾದ ‘..’ ಪಕ್ಕದಲ್ಲಿದ್ದಾಗ ಅದು ಕಣ್ಣು ತಪ್ಪಿಸುತ್ತದೆ, ದೊಡ್ಡ ಎ ಕೊಟ್ಟಾಗ ಒಂಟಿಯಾಗಿ ಸಿಕ್ಕಿಬೀಳುತ್ತದೆ. ಲಿನಕ್ಸ್‌ನಲ್ಲಿರುವ ಗ್ನು ‘ಎಲ್‌ಎಸ್’ 2016ರ 8.25ನೆಯ ಆವೃತ್ತಿಯಿಂದ ಈಚೆಗೆ ಖಾಲಿ ಜಾಗವಿರುವ ಹೆಸರನ್ನು ಟರ್ಮಿನಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ತೋರಿಸುವುದರಿಂದ ಕೆಲಸ ಇನ್ನಷ್ಟು ಸುಲಭವಾಗಿದೆ.

ಚುಕ್ಕಿ ಹೆಸರುಗಳನ್ನು ಮಾತ್ರ ನೋಡಬೇಕೆಂದರೆ ಅನೇಕರ ಕೈ ತಾನಾಗಿ ‘ಎಲ್‌ಎಸ್ .*’ ಎಂದು ಹೊಡೆಯುತ್ತದೆ. ಇಲ್ಲಿ ಒಂದು ಗುಂಡಿ ಇದೆ. ನಕ್ಷತ್ರವನ್ನು ಬಿಡಿಸಿ ಹೆಸರುಗಳಾಗಿ ಮಾಡುವುದು ‘ಎಲ್‌ಎಸ್’ ಅಲ್ಲ, ನೀವು ಟೈಪ್ ಮಾಡಿದ್ದನ್ನು ಓದಿ ಕಮಾಂಡ್‌ಗಳನ್ನು ನಡೆಸುವ ಶೆಲ್. ಬ್ಯಾಶ್ ಶೆಲ್ಲಿನ ಹಳೆಯ ಆವೃತ್ತಿಗಳಲ್ಲಿ ಈ ನಮೂನೆಗೆ ‘..’ ಕೂಡ ಹೊಂದುವುದರಿಂದ ಮೇಲಿನ ಡೈರೆಕ್ಟರಿಯ ಪಟ್ಟಿಯೂ ಸುರಿದುಬರುತ್ತದೆ. ನೋಡುವ ಕಮಾಂಡಿನಲ್ಲಿ ಇದು ಬರೀ ಗದ್ದಲ. ಬದಲಿಸುವ ಕಮಾಂಡಿನಲ್ಲಿ ಅನಾಹುತ. ನಾನು ಈ ವೃತ್ತಿಗೆ ಬಂದ ಮೊದಲ ವರ್ಷ ಒಬ್ಬ ಬಳಕೆದಾರರ ಚುಕ್ಕಿ ಫೈಲ್‌ಗಳ ಒಡೆತನ ಸರಿಪಡಿಸಲು ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಾಗಿ ‘ಚೋನ್ -ದೊಡ್ಡ ಆರ್’ ಜೊತೆಗೆ ಇದೇ ನಮೂನೆ ಕೊಟ್ಟಿದ್ದೆ. ‘..’ ಮೂಲಕ ಅದು ‘/ಹೋಮ್’ಗೆ ಏರಿ, ಅಲ್ಲಿದ್ದ ಎಲ್ಲರ ಫೈಲ್‌ಗಳನ್ನೂ ಆ ಒಬ್ಬರ ಹೆಸರಿಗೆ ಬರೆದುಕೊಟ್ಟಿತು. ಅದನ್ನು ಸರಿಪಡಿಸುವುದರಲ್ಲಿ ಒಂದು ಶನಿವಾರ, ಒಂದು ಭಾನುವಾರ ಮುಗಿದವು. 2022ರ ಬ್ಯಾಶ್ 5.2ರಿಂದ ಈಚೆಗೆ ಶೆಲ್ ತಾನಾಗಿಯೇ ‘.’ ಮತ್ತು ‘..’ ಎರಡನ್ನೂ ಬಿಡುತ್ತದೆ, ನಿಜ. ಆದರೆ ಕಾಲೇಜಿನ ಹಳೆಯ ಸರ್ವರಿನಲ್ಲಿ ಯಾವ ಆವೃತ್ತಿ ಇದೆಯೋ ಯಾರಿಗೆ ಗೊತ್ತು? ಎಲ್ಲ ಕಡೆಯೂ ಸರಿಯಾಗಿ ನಡೆಯುವ ರೂಪ ಇದು:

ಎಲ್‌ಎಸ್ -ಎಲ್‌ಡಿ .[!.]*

ಇಲ್ಲಿ ಎಲ್ ಎಂದರೆ ವಿವರವಾದ ಪಟ್ಟಿ, ಡಿ ಎಂದರೆ ಡೈರೆಕ್ಟರಿಯ ಒಳಹೊಗದೆ ಅದರ ಹೆಸರನ್ನಷ್ಟೇ ತೋರಿಸು ಎಂದು. ನಮೂನೆಯ ಅರ್ಥ, ಮೊದಲು ಚುಕ್ಕಿ, ಎರಡನೆಯದು ಚುಕ್ಕಿಯಲ್ಲದ ಅಕ್ಷರ, ಆಮೇಲೆ ಏನಾದರೂ. ಎರಡು ಚುಕ್ಕಿಗಳಿಂದ ಶುರುವಾಗುವ ಹೆಸರು ಇದಕ್ಕೆ ಸಿಗುವುದಿಲ್ಲ, ಅದಕ್ಕಾಗಿ ದೊಡ್ಡ ಎ ಪಟ್ಟಿಯನ್ನು ಒಮ್ಮೆ ಕಣ್ಣಿನಿಂದ ನೋಡಿಯೇ ತೀರಬೇಕು.

ನಿಮ್ಮ 3 ಜಿಬಿ ಮತ್ತು 41 ಜಿಬಿಯ ಅಂತರದ ಕಾರಣವೂ ಇದೇ ನಕ್ಷತ್ರ. ನೀವು ಗಾತ್ರ ಕೇಳಿದ್ದು ‘ಡಿಯು -ಎಸ್‌ಎಚ್ *’ ಎಂದಿರಬೇಕು. ಬರಿಯ ನಕ್ಷತ್ರಕ್ಕೆ ಚುಕ್ಕಿ ಹೆಸರುಗಳು ಹೊಂದುವುದಿಲ್ಲ. ಅದರ ಬದಲು ‘ಡಿಯು -ಎಚ್ -ಡಿ 1’ ಎಂದು ಕೊಟ್ಟು ಫಲಿತಾಂಶವನ್ನು ‘ಸಾರ್ಟ್ -ಎಚ್’ ಮೂಲಕ ಹಾಯಿಸಿದರೆ, ಅಡಗಿದ ಡೈರೆಕ್ಟರಿಗಳೂ ಸೇರಿ ದೊಡ್ಡವು ಪಟ್ಟಿಯ ಕೊನೆಗೆ ಬರುತ್ತವೆ. ನನ್ನ ಅನುಭವದಲ್ಲಿ ಕಳ್ಳ ಸಿಕ್ಕುವುದು ಹೆಚ್ಚಾಗಿ ಎರಡೇ ಜಾಗದಲ್ಲಿ: ಬ್ರೌಸರ್ ಮೊದಲಾದ ಪ್ರೋಗ್ರಾಮ್‌ಗಳು ತುಂಬಿಸಿಟ್ಟ ‘.ಕ್ಯಾಶ್’, ಮತ್ತು ಡೆಸ್ಕ್‌ಟಾಪ್‌ನಲ್ಲಿ ‘ಅಳಿಸಿದ’ ಫೈಲ್‌ಗಳು ಹೋಗಿ ಕೂರುವ ‘.ಲೋಕಲ್/ಶೇರ್/ಟ್ರ್ಯಾಶ್’. ಮೊದಲನೆಯದನ್ನು ಸಾಗಿಸದೆ ಬಿಟ್ಟರೆ ಸಾಮಾನ್ಯವಾಗಿ ನಷ್ಟವಿಲ್ಲ, ಪ್ರೋಗ್ರಾಮ್‌ಗಳು ಅದನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಎರಡನೆಯದನ್ನು ಮಾತ್ರ ಪ್ರಾಧ್ಯಾಪಕರಿಗೆ ಫೋನ್ ಮಾಡಿ ಕೇಳದೆ ಎಸೆಯಬೇಡಿ. ಕಸದ ಬುಟ್ಟಿಯನ್ನು ಹಳೆಯ ಕಪಾಟಿನಂತೆ ಬಳಸುವವರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಇನ್ನು ಲಿಂಕ್. ಸಿಂಬಾಲಿಕ್ ಲಿಂಕ್ 1983ರ 4.2 ಬಿಎಸ್‌ಡಿ ಎಂಬ ಆವೃತ್ತಿಯ ಮೂಲಕ ಯುನಿಕ್ಸ್‌ಗೆ ಬಂತು. ಅದರೊಳಗೆ ಇರುವುದು ಒಂದು ವಿಳಾಸದ ಸಾಲು, ಅಷ್ಟೇ. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಅಂಟಿಸಿ ಹೋದ ಚೀಟಿಯಂತೆ, ‘ನನ್ನನ್ನು ಇಂಥ ಕಡೆ ನೋಡಿ’ ಎಂದು ಅದು ಹೇಳುತ್ತದೆ. ಆ ವಿಳಾಸದಲ್ಲಿ ಈಗ ಯಾರಾದರೂ ಇದ್ದಾರೆಯೇ ಎಂಬುದು ಚೀಟಿಗೆ ಗೊತ್ತಿಲ್ಲ. ‘ಎಲ್‌ಎಸ್ -ಎಲ್’ ಕೊಟ್ಟಾಗ ಸಾಲಿನ ಮೊದಲ ಅಕ್ಷರ ಎಲ್ ಆಗಿದ್ದರೆ ಅದು ಲಿಂಕ್; ಡಿ ಆಗಿದ್ದರೆ ಡೈರೆಕ್ಟರಿ, ಅಡ್ಡಗೆರೆ ಇದ್ದರೆ ಸಾಮಾನ್ಯ ಫೈಲ್. ಸಾಲಿನ ಕೊನೆಯಲ್ಲಿ ಬಾಣದ ಗುರುತಿನ ಆಚೆಗೆ ಗುರಿಯ ವಿಳಾಸ ಇರುತ್ತದೆ. ಗಾತ್ರದ ಜಾಗದಲ್ಲಿ ಕಾಣುವ ಸಂಖ್ಯೆ ಗುರಿಯ ಗಾತ್ರವಲ್ಲ, ವಿಳಾಸದ ಉದ್ದ. ಇಂಗ್ಲಿಷಿನಲ್ಲಿ 24 ಅಕ್ಷರಗಳ ವಿಳಾಸವಾದರೆ 24 ಬೈಟ್. ಎಕ್ಸ್‌ಟ್4 ಫೈಲ್ ಸಿಸ್ಟಂನಲ್ಲಿ 60 ಬೈಟ್‌ಗಿಂತ ಚಿಕ್ಕ ವಿಳಾಸ, ಫೈಲಿನ ವಿವರಗಳು ದಾಖಲಾಗುವ ಐನೋಡ್ ಒಳಗೇ ಹಿಡಿಸುವುದರಿಂದ ಅದಕ್ಕೆ ಡಿಸ್ಕಿನಲ್ಲಿ ಬೇರೆ ಜಾಗವೂ ಬೇಕಾಗುವುದಿಲ್ಲ. ನಿಮ್ಮ ‘ಸ್ಕ್ಯಾನ್’ ಗಾತ್ರ 0 ಎಂದು ಬಂದದ್ದು ಹೀಗೆ. ಅದು ಡೈರೆಕ್ಟರಿಯೇ ಅಲ್ಲ, ಇನ್ನೊಂದು ಡಿಸ್ಕಿನಲ್ಲಿರುವ ಡೈರೆಕ್ಟರಿಗೆ ಹಾಕಿದ ಲಿಂಕ್. ‘ಎಲ್‌ಎಸ್ ಸ್ಕ್ಯಾನ್’ ಎಂದಾಗ ಕಮಾಂಡ್ ಲಿಂಕನ್ನು ಹಿಂಬಾಲಿಸಿ ಒಳಗಿನ ಚಿತ್ರಗಳನ್ನು ತೋರಿಸಿತು. ‘ಡಿಯು’ ಹಿಂಬಾಲಿಸದೆ ಚೀಟಿಯನ್ನು ಮಾತ್ರ ತೂಗಿತು. ಪ್ರತಿಯೊಂದು ಕಮಾಂಡೂ ಲಿಂಕನ್ನು ಹಿಂಬಾಲಿಸಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತದೆ, ಹೊಸಬರು ಎಡವುವುದು ಇಲ್ಲೇ. ‘ಎಲ್‌ಎಸ್ -ಎಲ್ ಸ್ಕ್ಯಾನ್’ ಲಿಂಕನ್ನು ತೋರಿಸುತ್ತದೆ, ಅದೇ ಹೆಸರಿನ ಕೊನೆಗೆ ಒಂದು ಓರೆಗೆರೆ ಸೇರಿಸಿದರೆ ಗುರಿಯ ಒಳಗಿನದನ್ನು ತೋರಿಸುತ್ತದೆ.

ಬಣ್ಣವನ್ನು ನಂಬಿ ಕೂರಬೇಡಿ. ಲಿಂಕಿಗೆ ತಿಳಿನೀಲಿ, ಮುರಿದ ಲಿಂಕಿಗೆ ಕೆಂಪು ಎಂಬುದು ಸೆಟ್ಟಿಂಗಿಗೆ ಬಿಟ್ಟ ವಿಷಯ, ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ‘ಎಲ್‌ಎಸ್ -ಎಲ್’ ಮತ್ತು ದೊಡ್ಡ ಎ ಸೇರಿಸಿ, ಎಲ್‌ನಿಂದ ಶುರುವಾಗುವ ಸಾಲುಗಳನ್ನು ‘ಗ್ರೆಪ್’ ಮೂಲಕ ಸೋಸುವ ಉಪಾಯವನ್ನು ಹಲವರು ಬಳಸುತ್ತಾರೆ. ಕಣ್ಣಿನಲ್ಲಿ ನೋಡುವುದಕ್ಕೆ ಅದು ಸಾಕು, ಸ್ಕ್ರಿಪ್ಟ್‌ಗೆ ಸಲ್ಲದು, ಯಾಕೆಂದರೆ ಯುನಿಕ್ಸ್‌ನಲ್ಲಿ ಫೈಲಿನ ಹೆಸರಿನೊಳಗೆ ಹೊಸ ಸಾಲಿನ ಅಕ್ಷರವೂ ಇರಬಹುದು. ಗಟ್ಟಿಯಾದ ದಾರಿ ‘ಫೈಂಡ್’. ಹೋಮ್ ಡೈರೆಕ್ಟರಿಯಲ್ಲಿ ನಿಂತು ಹೀಗೆ ಕೊಡಿ:

ಫೈಂಡ್ . -ಟೈಪ್ ಎಲ್ -ಎಕ್ಸೆಕ್ ಎಲ್‌ಎಸ್ -ಎಲ್‌ಡಿ {} +

ಅಡಗಿದ ಡೈರೆಕ್ಟರಿಗಳೂ ಸೇರಿದಂತೆ ಎಷ್ಟೇ ಆಳದಲ್ಲಿರುವ ಲಿಂಕ್ ಆದರೂ ಗುರಿಯ ಸಮೇತ ಪಟ್ಟಿಯಾಗುತ್ತದೆ; ‘ಫೈಂಡ್’ ಚುಕ್ಕಿಯನ್ನು ಲೆಕ್ಕಿಸುವುದೇ ಇಲ್ಲ. ಮೇಲಿನ ಮಟ್ಟ ಮಾತ್ರ ಸಾಕೆಂದರೆ ‘-ಮ್ಯಾಕ್ಸ್‌ಡೆಪ್ತ್ 1’ ಸೇರಿಸಿ. ಅಡಗಿದ ಹೆಸರುಗಳಿಗೆ ‘-ಟೈಪ್ ಎಲ್’ ಬದಲು

-ನೇಮ್ '.?*'

ಎಂದು ಹಾಕಿ. ನಡುವಿನ ಪ್ರಶ್ನಾರ್ಥಕ ಚಿಹ್ನೆಯಿಂದಾಗಿ ನೀವು ನಿಂತಿರುವ ‘.’ ಪಟ್ಟಿಗೆ ಸೇರುವುದಿಲ್ಲ, ಉದ್ಧರಣ ಚಿಹ್ನೆಗಳಿಂದಾಗಿ ಶೆಲ್ ನಡುವೆ ಕೈಹಾಕುವುದಿಲ್ಲ. ಎರಡು ಷರತ್ತುಗಳನ್ನೂ ಒಟ್ಟಿಗೆ ಕೊಟ್ಟರೆ ಅಡಗಿದ ಲಿಂಕ್‌ಗಳು ಮಾತ್ರ ಸಿಗುತ್ತವೆ.

ಮುರಿದ ಲಿಂಕ್‌ಗಳನ್ನಷ್ಟೇ ಹುಡುಕಲು ಲಿನಕ್ಸ್‌ನಲ್ಲಿ ‘ಫೈಂಡ್ . -ಎಕ್ಸ್‌ಟೈಪ್ ಎಲ್’ ಸಾಕು. ಅದು ಇಲ್ಲದ ಕಡೆ ‘ಫೈಂಡ್ -ದೊಡ್ಡ ಎಲ್ . -ಟೈಪ್ ಎಲ್’ ಎನ್ನಬಹುದು: ಎಲ್ಲ ಲಿಂಕನ್ನೂ ಹಿಂಬಾಲಿಸು, ಹಿಂಬಾಲಿಸಿದ ಮೇಲೂ ಲಿಂಕಾಗಿಯೇ ಉಳಿದದ್ದನ್ನು ಹೇಳು ಎಂದು ಅದರ ಅರ್ಥ. ಈ ರೂಪಕ್ಕೆ ಒಂದು ತೊಡಕಿದೆ. ಲಿಂಕ್‌ಗಳ ಮೂಲಕ ಅದು ಹೋಮ್ ಡೈರೆಕ್ಟರಿಯ ಹೊರಗೂ ಹೋಗುತ್ತದೆ, ‘/’ಗೆ ಯಾರಾದರೂ ಲಿಂಕ್ ಹಾಕಿಟ್ಟಿದ್ದರೆ ಇಡೀ ಯಂತ್ರವನ್ನು ಸುತ್ತಿ ಬರುತ್ತದೆ. ಆದ್ದರಿಂದ ದೊಡ್ಡ ಎಲ್ ಜೊತೆಗೆ ಅಳಿಸುವ ಆಯ್ಕೆಯನ್ನು ಎಂದೂ ಸೇರಿಸಬೇಡಿ.

ಮುರಿದಿದೆ ಎಂದ ಮಾತ್ರಕ್ಕೆ ಕಸ ಎಂದು ತಿಳಿಯಬೇಡಿ. ನಿಮ್ಮ ‘ಫಲಿತಾಂಶ’ ಎತ್ತ ತೋರಿಸುತ್ತಿದೆ ಎಂದು ‘ರೀಡ್‌ಲಿಂಕ್ ಫಲಿತಾಂಶ’ ಎಂದು ಕೇಳಿ ನೋಡಿ. ವಿಳಾಸ ‘/’ನಿಂದ ಶುರುವಾಗಿ ಯಾವುದೋ ಡಿಸ್ಕಿನ ಹೆಸರು ಹೇಳುತ್ತಿದ್ದರೆ, ಆ ಡಿಸ್ಕ್ ಈಗ ಮೌಂಟ್ ಆಗಿಲ್ಲದಿರಬಹುದು; ಅದನ್ನು ಜೋಡಿಸಿದ ಕ್ಷಣ ಲಿಂಕ್ ಜೀವ ತಳೆಯುತ್ತದೆ. ವಿಳಾಸ ‘/’ ಇಲ್ಲದೆ ಶುರುವಾಗಿದ್ದರೆ ಅದನ್ನು ಅಳೆಯುವುದು ಲಿಂಕ್ ಇರುವ ಡೈರೆಕ್ಟರಿಯಿಂದ, ನೀವು ನಿಂತಿರುವ ಜಾಗದಿಂದಲ್ಲ. ಯಾರೋ ಲಿಂಕನ್ನು ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಎತ್ತಿಟ್ಟಾಗ ಹೀಗೆ ದಾರಿ ತಪ್ಪುವುದು ತೀರಾ ಸಾಮಾನ್ಯ.

ಲಿಂಕ್ ಅಳಿಸಿದರೆ ಮೂಲವೂ ಹೋಗುತ್ತದೆ ಎಂಬ ಮಾತು ಸುಳ್ಳು, ಆದರೆ ಅದರ ಹಿಂದೆ ನಿಜವಾದ ಸುಟ್ಟ ಗಾಯವೊಂದು ಇರಬಹುದು. ‘ಆರ್‌ಎಂ ಸ್ಕ್ಯಾನ್’ ಎಂದರೆ ಚೀಟಿ ಮಾತ್ರ ಹರಿಯುತ್ತದೆ, ಚಿತ್ರಗಳು ತಮ್ಮ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಅದೇ ‘ಆರ್‌ಎಂ -ಆರ್‌ಎಫ್’ ಕೊಟ್ಟು ಹೆಸರಿನ ಕೊನೆಗೆ ಓರೆಗೆರೆಯನ್ನೂ ಸೇರಿಸಿದರೆ, ನೀವು ಹೇಳುತ್ತಿರುವುದು ಲಿಂಕನ್ನಲ್ಲ, ಅದರ ಆಚೆಗಿನ ಡೈರೆಕ್ಟರಿಯನ್ನು. ಒಳಗಿನ ಫೈಲ್‌ಗಳು ಹೋಗಿ ಲಿಂಕ್ ಮಾತ್ರ ಉಳಿಯುವ ಅಪಾಯವಿದೆ. ಟ್ಯಾಬ್ ಒತ್ತಿ ಹೆಸರು ಪೂರ್ತಿ ಮಾಡುವಾಗ ಆ ಓರೆಗೆರೆ ನಮಗೆ ತಿಳಿಯದಂತೆ ಸೇರಿಕೊಂಡುಬಿಡಬಹುದು. ಲಿಂಕ್ ಅಳಿಸಲು ‘-ಆರ್’ ಬೇಕಾಗುವುದೇ ಇಲ್ಲ. ‘ಅನ್‌ಲಿಂಕ್’ ಎಂಬ ಪುಟ್ಟ ಕಮಾಂಡ್ ಒಂದು ಹೆಸರನ್ನಷ್ಟೇ ತೆಗೆಯುತ್ತದೆ, ಡೈರೆಕ್ಟರಿಯನ್ನು ಮುಟ್ಟಲು ಒಪ್ಪುವುದಿಲ್ಲ. ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಹಾರ್ಡ್ ಲಿಂಕ್ ಇದಲ್ಲ, ಅದು ಒಂದೇ ಫೈಲಿಗೆ ಇರುವ ಎರಡನೆಯ ಹೆಸರು, ಪಟ್ಟಿಯಲ್ಲಿ ಅದಕ್ಕೆ ಎಲ್ ಗುರುತಾಗಲೀ ಬಾಣವಾಗಲೀ ಬರುವುದಿಲ್ಲ.

ಸಾಗಿಸುವ ವಿಚಾರಕ್ಕೆ ಬಂದರೆ, ‘ಸಿಪಿ -ಆರ್ *’ ಎಂಬುದನ್ನು ಮರೆತುಬಿಡಿ. ನಕ್ಷತ್ರ ಚುಕ್ಕಿ ಫೈಲ್‌ಗಳನ್ನೆಲ್ಲ ಹಿಂದೆಯೇ ಬಿಡುತ್ತದೆ. ನಾನು ಬಳಸುವುದು ‘ಆರ್‌ಸಿಂಕ್ -ಎ’, ಹಾರ್ಡ್ ಲಿಂಕ್‌ಗಳೂ ಉಳಿಯಬೇಕೆಂದು ದೊಡ್ಡ ಎಚ್ ಜೊತೆಗೆ, ಮೂಲದ ವಿಳಾಸದ ಕೊನೆಗೆ ಓರೆಗೆರೆ ಹಾಕಿ. ಆಗ ಅಡಗಿದ್ದೆಲ್ಲ ಬರುತ್ತದೆ, ಲಿಂಕ್‌ಗಳು ಲಿಂಕ್‌ಗಳಾಗಿಯೇ ಬರುತ್ತವೆ. ಅಂದರೆ ‘ಸ್ಕ್ಯಾನ್’ ಚೀಟಿ ಹೊಸ ಯಂತ್ರ ಸೇರುತ್ತದೆ, ಚಿತ್ರಗಳು ಸೇರುವುದಿಲ್ಲ! ಹಳೆಯ ಡಿಸ್ಕನ್ನು ಹೊಸ ಯಂತ್ರದಲ್ಲೂ ಅದೇ ವಿಳಾಸಕ್ಕೆ ಜೋಡಿಸುವುದಾದರೆ ಇದೇ ಸರಿ. ಇಲ್ಲವಾದರೆ ‘--ಕಾಪಿ-ಅನ್‌ಸೇಫ್-ಲಿಂಕ್ಸ್’ ಎಂಬ ಆಯ್ಕೆ ಇದೆ, ಸಾಗಿಸುತ್ತಿರುವ ಡೈರೆಕ್ಟರಿಯ ಹೊರಗೆ ತೋರಿಸುವ ಲಿಂಕ್‌ಗಳ ಜಾಗದಲ್ಲಿ ಅದು ನಿಜವಾದ ಫೈಲ್‌ಗಳನ್ನು ತಂದಿಡುತ್ತದೆ. ದೊಡ್ಡ ಎಲ್ ಕೊಟ್ಟರೆ ಒಳಗಿನವು ಹೊರಗಿನವು ಎನ್ನದೆ ಎಲ್ಲ ಲಿಂಕ್‌ಗಳೂ ಫೈಲ್‌ಗಳಾಗುತ್ತವೆ, ಒಂದೇ ಫೈಲಿನ ನಾಲ್ಕಾರು ಪ್ರತಿಗಳಾಗಿ ಡಿಸ್ಕ್ ತುಂಬಬಹುದು. ಯಾವುದನ್ನು ಆರಿಸಿದರೂ ಮೊದಲು ‘-ಎನ್’ ಮತ್ತು ‘-ವಿ’ ಸೇರಿಸಿ ಒಣ ತಾಲೀಮು ನಡೆಸಿ, ಏನೇನು ಹೋಗುತ್ತದೆಂದು ಓದಿಕೊಳ್ಳಿ. ಪೆನ್‌ಡ್ರೈವ್ ಮೂಲಕ ಸಾಗಿಸುವ ಯೋಚನೆ ಇದ್ದರೆ, ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಂ ಎರಡರಲ್ಲೂ ಸಿಂಬಾಲಿಕ್ ಲಿಂಕಿಗೆ ಜಾಗವಿಲ್ಲ. ಡೈರೆಕ್ಟರಿಯನ್ನು ‘ಟಾರ್’ ಮಾಡಿ ಒಂದೇ ಫೈಲಾಗಿ ಒಯ್ಯಬೇಕು, ಫ್ಯಾಟ್32 ಆದರೆ 4 ಜಿಬಿ ಮಿತಿಗೆ ತಕ್ಕಂತೆ ತುಂಡು ಮಾಡಬೇಕು.

ಕೊನೆಗೆ ‘.#ವರದಿ’. ಈಮ್ಯಾಕ್ಸ್ ಎಡಿಟರಿನಲ್ಲಿ ‘ವರದಿ’ ಎಂಬ ಫೈಲನ್ನು ತಿದ್ದಿ ಇನ್ನೂ ಉಳಿಸದಿದ್ದಾಗ, ಇನ್ನೊಬ್ಬರು ಅದೇ ಹೊತ್ತಿಗೆ ತಿದ್ದದಂತೆ ಅದು ಹಾಕುವ ಬೀಗ ಇದು. ಆ ಲಿಂಕಿನ ಗುರಿ ಯಾವ ಫೈಲೂ ಅಲ್ಲ, ತಿದ್ದುತ್ತಿರುವವರ ಹೆಸರು, ಯಂತ್ರದ ಹೆಸರು, ಪ್ರೋಗ್ರಾಮಿನ ಸಂಖ್ಯೆ ಇಷ್ಟನ್ನು ಹೊತ್ತ ಒಂದು ಸಾಲು. ಹಾಗಾಗಿ ಅದು ಹುಟ್ಟಿನಿಂದಲೇ ಮುರಿದ ಲಿಂಕ್. ಫೈರ್‌ಫಾಕ್ಸ್ ತನ್ನ ಪ್ರೊಫೈಲಿನೊಳಗೆ ‘ಲಾಕ್’ ಎಂಬ ಹೆಸರಿನಲ್ಲಿ, ಕ್ರೋಮ್ ‘ಸಿಂಗಲ್‌ಟನ್‌ಲಾಕ್’ ಎಂಬ ಹೆಸರಿನಲ್ಲಿ ಇದೇ ತಂತ್ರ ಬಳಸುತ್ತವೆ. ‘ರೀಡ್‌ಲಿಂಕ್’ ಕೊಟ್ಟು ಅದರಲ್ಲಿರುವ ಸಂಖ್ಯೆಯನ್ನು ನೋಡಿ, ‘ಪಿಎಸ್ -ಪಿ’ ಜೊತೆಗೆ ಆ ಸಂಖ್ಯೆ ಕೊಟ್ಟು ಅಂಥ ಪ್ರೋಗ್ರಾಮ್ ಅದೇ ಯಂತ್ರದಲ್ಲಿ ಇನ್ನೂ ನಡೆಯುತ್ತಿದೆಯೇ ಎಂದು ಪರೀಕ್ಷಿಸಿ. ನಡೆಯುತ್ತಿಲ್ಲವಾದರೆ, ವಿದ್ಯುತ್ ಹೋದಾಗಲೋ ಯಂತ್ರ ಕುಸಿದಾಗಲೋ ಉಳಿದುಹೋದ ಬೀಗ ಅದು, ಧೈರ್ಯವಾಗಿ ತೆಗೆಯಬಹುದು. ತೆಗೆಯುವ ಮುನ್ನ ಅದರ ಪಕ್ಕದಲ್ಲೇ ‘#ವರದಿ#’ ಎಂಬ ಹೆಸರಿನ ಸಾಮಾನ್ಯ ಫೈಲ್ ಇದೆಯೇ ಎಂದು ಮಾತ್ರ ನೋಡಿ. ಅದು ಈಮ್ಯಾಕ್ಸ್ ತಾನಾಗಿ ಉಳಿಸಿಟ್ಟ ಪ್ರತಿ, ಪ್ರಾಧ್ಯಾಪಕರು ಉಳಿಸಲು ಮರೆತ ಕೊನೆಯ ತಿದ್ದುಪಡಿಗಳು ಅದರಲ್ಲಿರಬಹುದು.